ಟೇಪು ನೋಡದ ಹುಡುಗನ ಮಿಕ್ಸ್‌ಟೇಪು ಮತ್ತು ಖಡೇಬಜಾರಿನ ಕಾಕಾನ ಅಂಗಡಿ

ಬೆಳಗಾವಿಯಲ್ಲಿ ಯಾರ ಮನೆಯ ಟ್ರಂಕಿನಲ್ಲಾದರೂ ಹಳೆ ಕ್ಯಾಸೆಟ್ ಬಿದ್ದಿದ್ದರೆ, ಅದನ್ನು ಪೋಸ್ಟಿನಲ್ಲಿ ಎಲ್ಲಿಗೂ ಕಳಿಸಬೇಡಿ. ಖಡೇಬಜಾರಿನಿಂದ ಒಳಗೆ ತಿರುಗುವ ಸಂದಿಯಲ್ಲಿ ಒಂದು ಟೇಪ್ ರಿಪೇರಿ ಅಂಗಡಿ ಇದೆ. ಅಲ್ಲಿಗೆ ಕೊಡಿ. ಕೊಟ್ಟು ಬರಬೇಡಿ, ಕೂತು ಕೇಳಿ. ಮನೆಯಲ್ಲಿ ರ‍್ಯಾಪ್ ಕೇಳುವ ಹುಡುಗರಿದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಯಾಕೆ ಅಂತ ಉದ್ದಕ್ಕೆ ಹೇಳುತ್ತೇನೆ.

ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತೇನೆ. ರ‍್ಯಾಪ್ ಹುಟ್ಟಿದ ಸಂಗೀತವಾದ ಹಿಪ್ ಹಾಪ್ ಕೇಳಲು ಶುರು ಮಾಡಿ ಇಪ್ಪತ್ತು ವರ್ಷ ದಾಟಿತು. ಹುಚ್ಚು ಹಚ್ಚಿದ್ದು ನನ್ನ ಅಣ್ಣ. ಈಗ ಅವನ ಮಗ ಇಲ್ಲೇ ಇಂಜಿನಿಯರಿಂಗ್ ಓದುತ್ತಾ ನಮ್ಮ ಮನೆಯಲ್ಲೇ ಇದ್ದಾನೆ. ಹತ್ತೊಂಬತ್ತು ವರ್ಷ. ಕನ್ನಡದಲ್ಲಿ ರ‍್ಯಾಪ್ ಬರೆಯುತ್ತಾನೆ, ಚೆನ್ನಾಗಿಯೇ ಬರೆಯುತ್ತಾನೆ. ಒಂದು ರಾತ್ರಿ ಊಟಕ್ಕೆ ಕೂತಾಗ ಹೇಳಿದ: "ಅತ್ತಿ, ಬರೋ ತಿಂಗಳ ನನ್ನ ಮಿಕ್ಸ್‌ಟೇಪ್ ಬಿಡಾಕತ್ತೇನಿ."

"ಟೇಪು ಎಲ್ಲಿ?" ಅಂದೆ. ಮೊಬೈಲು ತೋರಿಸಿದ. ಆರು ಹಾಡು, 22 ನಿಮಿಷ. ಆರೂ ಅವನದೇ, ಬೇರೆ ಬೇರೆಯವರ ಹಾಡು ಆರಿಸಿ ಮಿಕ್ಸ್ ಮಾಡಿದ್ದು ಏನೂ ಇಲ್ಲ. ಟೇಪಂತೂ ಇಲ್ಲವೇ ಇಲ್ಲ. ಇದನ್ನು ತಪ್ಪು ಅಂತ ನಾನು ಹೇಳಲಿಲ್ಲ. ಅಮೆರಿಕದ ಚಾನ್ಸ್ ದ ರ‍್ಯಾಪರ್ 2016ರಲ್ಲಿ ಸ್ಟ್ರೀಮಿಂಗ್‌ನಲ್ಲಿ ಮಾತ್ರ ಬಿಟ್ಟದ್ದಕ್ಕೂ ಮಿಕ್ಸ್‌ಟೇಪ್ ಅಂತಲೇ ಕರೆದರು. ಅದಕ್ಕೆ ಮುಂದಿನ ವರ್ಷ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಮಾತು ಉಳಿದಿದೆ, ವಸ್ತು ಹೋಗಿದೆ. ಆದರೆ ಆ ಮಾತನ್ನು ದಿನಕ್ಕೆ ಹತ್ತು ಸಲ ಹೇಳುವ ಹುಡುಗ ಆ ವಸ್ತುವನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿಯಬೇಕು ಅಂತ ನನಗೆ ಬಹಳ ಅನ್ನಿಸಿತು. ಎದ್ದು ಹೋಗಿ ಟ್ರಂಕಿನಿಂದ ಒಂದು ಸಿ-90, ಅಂದರೆ 90 ನಿಮಿಷದ, ಕ್ಯಾಸೆಟ್ ತಂದು ಅವನ ತಾಟಿನ ಪಕ್ಕ ಇಟ್ಟೆ. "ಇದು ಮಿಕ್ಸ್‌ಟೇಪು. ನಿಮ್ಮಪ್ಪ ಮಾಡಿದ್ದು. 2003ರಾಗ."

ಅಣ್ಣ ಆಗ ಪುಣೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ. ಗೆಳೆಯರ ಸಿಡಿ ತಂದು, ಬೇಕಾದ ಹಾಡು ಆರಿಸಿ, ಒಂದೊಂದಾಗಿ ಕ್ಯಾಸೆಟ್ಟಿಗೆ ತುಂಬಿ ನನಗೆ ಕಳಿಸುತ್ತಿದ್ದ. ಅಮೆರಿಕದ ರ‍್ಯಾಪರುಗಳಾದ ಲಾರಿನ್ ಹಿಲ್, ನಾಸ್, ಮಿಸ್ಸಿ ಎಲಿಯಟ್ ಎಲ್ಲರೂ ನನಗೆ ಹಾಗೇ ಸಿಕ್ಕವರು. ಹಾಡಿನ ನಡುವೆ ಅವನೇ ಮಾತಾಡುತ್ತಿದ್ದ. ಇಂಥ ಎರಡು ಕ್ಯಾಸೆಟ್ ನನ್ನ ಹತ್ತಿರ ಉಳಿದಿದ್ದವು.

ಒಂದು ಈಗಾಗಲೇ ಹಾಳಾದ ಹಾಗೆ. ಎರಡು ವರ್ಷದ ಹಿಂದೆ ಅದನ್ನು ಬೇರೆ ಊರಿನ ಒಂದು ಸರ್ವಿಸ್‌ಗೆ ಕೊರಿಯರ್ ಮಾಡಿದ್ದೆ. ಕ್ಯಾಸೆಟ್ ಕಳಿಸಿದರೆ ಫೈಲ್ ಮಾಡಿ ಕೊಡುತ್ತೇವೆ ಅನ್ನುವವರು. ಹಾಡುಗಳು ಬಂದವು, ಅಣ್ಣನ ಮಾತು ಬರಲಿಲ್ಲ. ಹಾಡಿನ ನಡುವಿನ ಜಾಗವನ್ನು ಅವರ ಸಾಫ್ಟ್‌ವೇರ್ ಖಾಲಿ ಅಂತ ತಿಳಿದು ಕತ್ತರಿಸಿ ಹಾಕಿತ್ತು. ಕೇಳಿದರೆ, "ಹಾಡು ಕ್ಲೀನಾಗಿ ಬಂದಿದೆಯಲ್ಲ ಮೇಡಂ" ಅಂದರು. ಹಾಡು ಎಲ್ಲಿ ಬೇಕಾದರೂ ಸಿಗುತ್ತದೆ. ನಾನು ದುಡ್ಡು ಕೊಟ್ಟಿದ್ದು ನಡುವಿನ ಆ ಮಾತಿಗೆ. ಕ್ಯಾಸೆಟ್ ವಾಪಸ್ ಬಂದಾಗ ಟೇಪು ಒಂದು ಕಡೆ ಜಜ್ಜಿಹೋಗಿತ್ತು. ಅದಕ್ಕೇ ಎರಡನೆಯದನ್ನು ಯಾರ ಕೈಗೂ ಕೊಡದೆ ಇಟ್ಟುಕೊಂಡಿದ್ದೆ.

ಈ ಅಂಗಡಿಯ ಸುಳಿವು ಕೊಟ್ಟವರು ನಮ್ಮ ಗಲ್ಲಿಯ ಭಜನಾ ಮಂಡಳಿಯವರು. ಬೋರ್ಡಿನ ಅಕ್ಷರ ಅಳಿಸಿ ಹೋಗಿದೆ. ಅಗಲ ಆರು ಅಡಿ ಇರಬಹುದು. ಮುಂದೆ ಒಂದು ಮರದ ಟೇಬಲ್ಲು, ಹಿಂದೆ ನೆಲದಿಂದ ಸೂರಿನವರೆಗೆ ಟೇಪ್ ರೆಕಾರ್ಡರ್, ಡೆಕ್ಕು, ಆಂಪ್ಲಿಫಯರ್. ಒಂದು ಮೂಲೆಯಲ್ಲಿ ಹಾರ್ಮೋನಿಯಂ. ಅಂಗಡಿಯವರಿಗೆ ಅರವತ್ತೆಂಟು ವರ್ಷ. ಎಲ್ಲರೂ ಕಾಕಾ ಅನ್ನುತ್ತಾರೆ, ಹೆಸರು ಬರೆಯೋದು ಬೇಡ ಅಂತ ಅವರೇ ಹೇಳಿದ್ದಾರೆ. ಹಿಂದೆ ಭಜನಾಪದ, ನಾಟಕದ ಕ್ಯಾಸೆಟ್ ಮಾಡುವ ಕಡೆ ರೆಕಾರ್ಡಿಂಗ್ ಕೆಲಸ ಮಾಡಿದವರು.

ಕ್ಯಾಸೆಟ್ ಕೈಗೆ ತೆಗೆದುಕೊಂಡವರೇ ಹಾಕಲಿಲ್ಲ. ಬೆಳಕಿಗೆ ಹಿಡಿದು, ಸಣ್ಣ ಕಿಟಕಿಯಲ್ಲಿ ಟೇಪಿನ ಸುರುಳಿ ನೋಡಿದರು. "ಬೂಸರ ಹಿಡದೈತ್ರಿ ಅಕ್ಕಾರ. ಬೆಳಗಾವಿ ಮಳಿ ಯಾರನ್ನೂ ಬಿಡೂದಿಲ್ಲ." ನಿಜ, ಕಂದು ಸುರುಳಿಯ ಅಂಚಿನಲ್ಲಿ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಬೂಷ್ಟು. ಹೀಗೇ ಹಾಕಿದರೆ ಆ ಬೂಷ್ಟು ಮಷಿನ್ನಿನಲ್ಲಿ ಟೇಪನ್ನು ಓದುವ ಹೆಡ್ಡಿಗೆ ಹತ್ತಿ, ನಾಳೆ ಬರುವ ಇನ್ನೊಬ್ಬರ ಕ್ಯಾಸೆಟ್ಟಿಗೂ ದಾಟುತ್ತದೆಯಂತೆ. ಕರವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡು, ಹೊರಗೆ ಕಟ್ಟೆಯ ಮೇಲೆ ಕೂತು ಐದು ಸ್ಕ್ರೂ ಬಿಚ್ಚಿದರು.

ಇದನ್ನು ಹತ್ತಿರದಿಂದ ನೋಡಬೇಕು. ಒಳಗೆ ಎರಡು ಪುಟ್ಟ ಚಕ್ರ, ಎರಡು ಸಣ್ಣ ರೋಲರ್, ಒಂದು ತೆಳು ಹಿತ್ತಾಳೆ ಪಟ್ಟಿ. ಆ ಪಟ್ಟಿಯ ಮೇಲೆ ಹುರುಳಿಕಾಳಿನಷ್ಟು ಒಂದು ಉಣ್ಣೆಯ ತುಂಡು ಇರಬೇಕು, ಅದೇ ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯೋದು. ನಮ್ಮದರಲ್ಲಿ ಗೋಂದು ಒಣಗಿ ಅದು ಉದುರಿತ್ತು. ಕಾಕಾ ಮೆತ್ತನೆ ಬ್ರಷ್ಷಿನಿಂದ ಅಂಚಿನ ಬೂಷ್ಟು ಕೆಡವಿದರು. ಆಮೇಲೆ ಸುರುಳಿಯನ್ನು ಹೊಸ ಡಬ್ಬಿಗೆ ಹಾಕಿ, ನಟರಾಜ್ ಪೆನ್ಸಿಲ್ ತೂರಿಸಿ, ಎರಡು ಬೆರಳಿನ ನಡುವೆ ಒಣ ಹತ್ತಿಬಟ್ಟೆ ಹಿಡಿದು, ಇಡೀ ಟೇಪನ್ನು ಅದರೊಳಗಿಂದ ನಿಧಾನಕ್ಕೆ ಹಾಯಿಸಿದರು. ಸಿ-90ರಲ್ಲಿ ಸುಮಾರು 130 ಮೀಟರ್ ಟೇಪು ಇರುತ್ತದೆ. ಪೂರ್ತಿ ಹಾಯಿಸಿದರು. ಬಟ್ಟೆ ನಾಲ್ಕು ಸಲ ಬದಲಾಯಿತು. ಒಂದು ಕಡೆ ಟೇಪು ಹರಿದಿತ್ತು. ಬ್ಲೇಡಿನಿಂದ ಎರಡೂ ತುದಿಯನ್ನು ಓರೆಯಾಗಿ ಕತ್ತರಿಸಿ, ಹಿಂಬದಿಗೆ ತೆಳು ಪಟ್ಟಿ ಅಂಟಿಸಿದರು. "ಕಟ್ ಅಂದರ ಇದ, ತಮ್ಮಾ" ಅಂದರು ಹುಡುಗನಿಗೆ. ಅವನು ಮೊಬೈಲ್ ಆ್ಯಪಿನಲ್ಲಿ ದಿನಾ ಒತ್ತುವ ಕತ್ತರಿಯ ಚಿತ್ರ ನೆನಪಾಗಿರಬೇಕು, ಸುಮ್ಮನೆ ಬ್ಲೇಡನ್ನೇ ನೋಡುತ್ತಾ ನಿಂತಿದ್ದ.

ಒಳಗೆ ಬಂದು ಡೆಕ್ಕಿಗೆ ಹಾಕುವ ಮುಂಚೆ ಕಾಕಾ ಒಂದು ಬಟನ್ ಕೆಳಗೆ ಮಾಡಿದರು. ಅದರ ಮೇಲೆ ಡಾಲ್ಬಿ ಅಂತ ಇತ್ತು. ಹುಡುಗ ಕಣ್ಣರಳಿಸಿದ: "ಇಷ್ಟ ಸಣ್ಣ ಮಷಿನ್ನಿನ್ಯಾಗ ಡಾಲ್ಬಿನಾ?"

ಬೆಳಗಾವಿಯವರಿಗೆ ಈ ಪ್ರಶ್ನೆ ಅರ್ಥವಾಗುತ್ತದೆ. ನಮ್ಮಲ್ಲಿ, ಕೊಲ್ಹಾಪುರ ಸಾಂಗ್ಲಿ ಕಡೆಯೂ, ಡಾಲ್ಬಿ ಅಂದರೆ ಗಣಪತಿ ಮೆರವಣಿಗೆಯಲ್ಲಿ ಟ್ರಾಕ್ಟರ್ ತುಂಬ ಬರುವ ದೊಡ್ಡ ಸ್ಪೀಕರ್. "ಡಾಲ್ಬಿ ಹಚ್ಚಾರ" ಅಂದರೆ ಕಿಟಕಿ ಗಾಜು ನಡುಗುತ್ತದೆ ಅಂತ ಅರ್ಥ. ಆದರೆ ರೇ ಡಾಲ್ಬಿ ಅನ್ನುವವರು 1965ರಲ್ಲಿ ಕಂಪನಿ ಶುರು ಮಾಡಿದ್ದು ಸದ್ದು ಕಡಿಮೆ ಮಾಡಲು. ಟೇಪಿನಲ್ಲಿ ಸುಯ್ ಅಂತ ಒಂದು ಸದ್ದು ಯಾವಾಗಲೂ ಇರುತ್ತದೆ ಅಲ್ವಾ, ಅದನ್ನು ಅಡಗಿಸುವ ವಿದ್ಯೆ ಅದು. ತುಂಬುವಾಗ ಸಣ್ಣ ತೀಕ್ಷ್ಣ ಸ್ವರಗಳನ್ನು ಎತ್ತರಿಸಿ ತುಂಬುವುದು, ಕೇಳುವಾಗ ಅಷ್ಟೇ ಇಳಿಸುವುದು. ಜೊತೆಗೆ ಸುಯ್ ಸದ್ದೂ ಇಳಿಯುತ್ತದೆ. ಅಣ್ಣ ತುಂಬುವಾಗ ಡಾಲ್ಬಿ ಹಾಕಿರಲಿಲ್ಲ. ಹಾಗಾಗಿ ಕೇಳುವಾಗ ಹಾಕಿದರೆ ದನಿ ಮಂಕಾಗುತ್ತದೆ. ಕಾಕಾ ಅದನ್ನು ಬಂದ್ ಮಾಡಿದ್ದು ಇದಕ್ಕೆ. ನಾನು ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆದು ಹೇಳುವುದನ್ನು ಅವರು ಬಟನ್ ಒತ್ತಿ, ಬಿಟ್ಟು, ಒತ್ತಿ, ಬಿಟ್ಟು ಎರಡು ನಿಮಿಷದಲ್ಲಿ ಕೇಳಿಸಿದರು.

ಡಿಜೆ ಅನ್ನುವುದೂ ಹಾಗೇ. ನಮ್ಮ ಕಡೆ ಮದುವೆಗೆ "ಡಿಜೆ ತರಸೋದು" ಅಂದರೆ ಮನುಷ್ಯನನ್ನಲ್ಲ, ಗಾಡಿಯನ್ನು. ಮೂಲದಲ್ಲಿ ಅದು ಡಿಸ್ಕ್ ಜಾಕಿ. ಡಿಸ್ಕ್ ಅಂದರೆ ತಟ್ಟೆ, ಗ್ರಾಮಫೋನಿನ ತಟ್ಟೆ. ನಮ್ಮ ಅಜ್ಜ ಅದಕ್ಕೆ ಪ್ಲೇಟು ಅನ್ನುತ್ತಿದ್ದರು. ಮಾತು ಬದಲಿಸಿದವನಿಗೆ "ಪ್ಲೇಟ್ ಚೇಂಜ್ ಮಾಡಿದ" ಅಂತ ಈಗಲೂ ಅನ್ನುತ್ತೇವೆ, ಸುಳ್ಳು ಹೇಳಿದವನಿಗೆ "ರೀಲು ಬಿಡ್ತಾನ" ಅನ್ನುತ್ತೇವೆ. ಮೊಬೈಲ್ ಅಂಗಡಿಯಲ್ಲಿ ಮೆಮರಿ ಕಾರ್ಡಿಗೆ "ಹಾಡು ತುಂಬಿಸಿ ತಾ" ಅಂತಿದ್ದೆವು. ಅದೂ ಕ್ಯಾಸೆಟ್ಟಿನ ಕಾಲದ ಮಾತೇ. ರ‍್ಯಾಪಿನವರು ಮಾತ್ರ ಹಳೆ ಮಾತು ಹಿಡಿದುಕೊಂಡಿದ್ದಾರೆ ಅಂತ ಅಲ್ಲ. ಆದರೆ ಅವರಷ್ಟು ಪ್ರೀತಿಯಿಂದ ಹಿಡಿದುಕೊಂಡವರು ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ.

ಅದಕ್ಕೆ ಕಾರಣವೂ ಇದೆ. ಹಿಪ್ ಹಾಪ್ ಹುಟ್ಟಿದ್ದೇ ಈ ವಸ್ತುಗಳ ಮೇಲೆ ಕೈ ಆಡಿಸಿ. 1973ರ ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸ್, 1520 ಸೆಡ್ಜ್‌ವಿಕ್ ಅವೆನ್ಯೂ. ಸಿಂಡಿ ಕ್ಯಾಂಪ್‌ಬೆಲ್ ಅನ್ನುವ ಹುಡುಗಿ ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಕೂಡಿಸಲು ಒಂದು ಪಾರ್ಟಿ ಇಟ್ಟಳು. ಹಾಡು ಹಾಕಲು ಅಣ್ಣನನ್ನು ಕರೆದಳು. ಆ ಅಣ್ಣನೇ ಡಿಜೆ ಕೂಲ್ ಹರ್ಕ್. ತಂಗಿಯ ಬಟ್ಟೆ ಖರ್ಚಿನಿಂದ ಶುರುವಾದ ಸಂಗೀತ ಅನ್ನುವುದು ನನಗೆ ಯಾವಾಗಲೂ ಖುಷಿ ಕೊಡುತ್ತದೆ. ಹಾಡಿನಲ್ಲಿ ಬರೀ ತಾಳ ಉಳಿಯುವ ತುಣುಕಿಗೆ ಬ್ರೇಕ್ ಅನ್ನುತ್ತಾರೆ. ಅದು ಬಂದಾಗ ಜನ ಜಾಸ್ತಿ ಕುಣಿಯುತ್ತಾರೆ ಅಂತ ಹರ್ಕ್ ಗಮನಿಸಿದ್ದರು. ಒಂದೇ ತಟ್ಟೆಯ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ಬ್ರೇಕ್ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಅದೇ ಬ್ರೇಕ್ ಶುರು ಮಾಡಿ, ಅದನ್ನು ಬೇಕಾದಷ್ಟು ಎಳೆದರು.

ತಟ್ಟೆ ಇಲ್ಲದ ಬಡ ಹುಡುಗರು ಇದನ್ನೇ ಕ್ಯಾಸೆಟ್ಟಿನಲ್ಲಿ ಮಾಡಿದರು. ಒಂದು ಟೇಪಿನಿಂದ ಬ್ರೇಕ್ ತುಂಬುವುದು, ಪಾಜ್ ಒತ್ತುವುದು, ಮೂಲವನ್ನು ಹಿಂದಕ್ಕೆ ಸುತ್ತುವುದು, ಪಾಜ್ ಬಿಟ್ಟು ಮತ್ತೆ ತುಂಬುವುದು. ಪಾಜ್ ಟೇಪ್ ಅಂತಲೇ ಅದಕ್ಕೆ ಹೆಸರು.

ಈಗ ನಮ್ಮ ಕ್ಯಾಸೆಟ್ಟಿಗೆ ಬರುತ್ತೇನೆ. ಸೈಡ್ ಎ ಪೂರ್ತಿ ಹಾಡುಗಳು, ನಡುವೆ ಅಣ್ಣನ ಮಾತು. ಸೈಡ್ ಬಿ ಕೊನೆಯಲ್ಲಿ ಏನೋ ಇದೆ ಅನ್ನುವುದು ನನಗೆ ಮಸುಕಾಗಿ ನೆನಪಿತ್ತು, ಏನು ಅಂತ ಮರೆತಿದ್ದೆ. ಹಾರ್ಮೋನಿಯಂ, ತಬಲಾ ನಾಲ್ಕು ಸೆಕೆಂಡು ಬಂತು. ಟಕ್. ಮತ್ತೆ ಅದೇ ನಾಲ್ಕು ಸೆಕೆಂಡು. ಟಕ್. ಮತ್ತೆ ಅದೇ. ಯಾವುದೋ ಭಜನಾಪದದ ಕ್ಯಾಸೆಟ್ಟಿನ ತುಣುಕು. ಹುಡುಗ ಬೆರಳು ಮಡಚುತ್ತಾ ಹೋದ, 38 ಜೋಡಣೆ. 38 ಸಲ ಅಣ್ಣ ಪಾಜ್ ಒತ್ತಿ, ಹಿಂದಕ್ಕೆ ಸುತ್ತಿ, ಸರಿಯಾದ ಜಾಗಕ್ಕೆ ತಂದು ಬಿಟ್ಟಿದ್ದ. ನ್ಯೂಯಾರ್ಕಿನಲ್ಲಿ ಯಾರೋ ಹೀಗೆ ಮಾಡುತ್ತಾರೆ ಅಂತ ಅವನಿಗೆ ಗೊತ್ತಿತ್ತೋ ಇಲ್ಲವೋ, ಆಮೇಲೆ ಫೋನಿನಲ್ಲಿ ಕೇಳಿದಾಗ "ಬೇರೆ ದಾರಿ ಎಲ್ಲಿತ್ತು" ಅಂದ, ಅಷ್ಟೇ.

ಅದರ ಮೇಲೆ ಅವನ ದನಿ:

"ರೂಮಿನ ಬಾಡಿಗಿ ಆರುನೂರು, ಜೋಬಿನಾಗ ಬರೇ ನೂರು,
ಅವ್ವಗ ಹೇಳೇನಿ ಆರಾಮ ಅದೇನಿ, ಅದೊಂದ ಸುಳ್ಳು ಜೋರು."

ಹುಡುಗ ಕುರ್ಚಿಯಿಂದ ಎದ್ದು ನಿಂತ. ಅವನಪ್ಪ ರ‍್ಯಾಪ್ ಕೇಳುತ್ತಾನೆ ಅಂತ ಗೊತ್ತಿತ್ತು. ಮಾಡಿದ್ದಾನೆ ಅಂತ ಗೊತ್ತಿರಲಿಲ್ಲ. "ರಿವೈಂಡ್ ಮಾಡ್ರಿ ಕಾಕಾ" ಅಂದ. ಕಾಕಾ ಬಟನ್ ಅವನ ಕೈಯಲ್ಲೇ ಒತ್ತಿಸಿದರು. ಗರ್ರ್ ಅಂತ ಟೇಪು ಹಿಂದಕ್ಕೆ ಓಡಿತು. ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯದೆ ಬಹಳ ಹಿಂದೆ ಹೋದ. ಮುಂದಕ್ಕೆ ಬಂದ, ದಾಟಿ ಹೋದ. ಮೂರನೇ ಸಲಕ್ಕೆ ಸಿಕ್ಕಿತು. ಸ್ಟೇಜಿನ ಮೇಲೆ ಅವನ ಗೆಳೆಯರು ಒಳ್ಳೆ ಸಾಲು ಬಂದಾಗ "ರಿವೈಂಡ್" ಅಂತ ಕೂಗುತ್ತಾರೆ. ಜಮೈಕಾದಲ್ಲೂ ಹಾಗೇ, ದೊಡ್ಡ ಸ್ಪೀಕರ್ ಹಚ್ಚಿ ಕುಣಿತಕ್ಕೆ ಹಾಡು ಹಾಕುವ ಸೌಂಡ್ ಸಿಸ್ಟಮ್ಮುಗಳಲ್ಲಿ ಜನ ಕೂಗಿದರೆ ತಟ್ಟೆಯನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಮೊದಲಿಂದ ಹಾಕುತ್ತಿದ್ದರು. ಹರ್ಕ್ ಹುಟ್ಟಿದ್ದೂ ಅಲ್ಲೇ, ಕಿಂಗ್‌ಸ್ಟನ್‌ನಲ್ಲಿ. ರಿವೈಂಡಿಗೆ ಸಮಯ ಹಿಡಿಯುತ್ತದೆ, ಆ ಹೊತ್ತಿನಲ್ಲಿ ಎಲ್ಲರೂ ಕಾಯಬೇಕು ಅನ್ನುವುದನ್ನು ಹುಡುಗ ಆ ಬಟನ್ನಿನ ಮೇಲೆ ಬೆರಳಿಟ್ಟು ಕಲಿತ.

ಕಾಕಾ ಮಾತ್ರ ಹುಬ್ಬು ಗಂಟಿಕ್ಕಿ ಕೂತಿದ್ದರು. ಎದ್ದು ಹೋಗಿ ಮೂಲೆಯ ಹಾರ್ಮೋನಿಯಂ ತಂದು ಎರಡು ಮನೆ ಒತ್ತಿದರು. "ಬಿಳಿ ಎರಡೂ ಅಲ್ಲ, ಕರಿ ಎರಡೂ ಅಲ್ಲ. ನಡುವ ಐತಿ. ಇಂಥಾ ಪೆಟ್ಟಿಗಿ ಎಲ್ಲೂ ಇರೂದಿಲ್ಲರಿ." ಹಾರ್ಮೋನಿಯಂನ ಅಕ್ಕಪಕ್ಕದ ಎರಡು ಮನೆಗಳ ನಡುವೆ ಸ್ವರ ಬೀಳುತ್ತಿತ್ತು, ಅಂದರೆ ಟೇಪಿನ ವೇಗ ಸರಿ ಇಲ್ಲ. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಅಣ್ಣನ ಟೇಪ್ ರೆಕಾರ್ಡರಿನ ಮೋಟರ್ ಬೇರೆ ವೇಗದಲ್ಲಿ ಓಡಿದೆ. ಆದರೆ ಏರಿಸಬೇಕೋ ಇಳಿಸಬೇಕೋ? ಕಾಕಾ ನನ್ನನ್ನು ಕೇಳಿದರು: "ನಿಮ್ಮ ಅಣ್ಣಾರ ದನಿ ಇಷ್ಟ ದಪ್ಪ ಇತ್ತೇನ್ರಿ?" ಇರಲಿಲ್ಲ. ಇಪ್ಪತ್ತೈದರಲ್ಲಿ ಅವನ ದನಿ ತೆಳ್ಳಗಿತ್ತು, ಬೇಗ ಬೇಗ ಮಾತಾಡುತ್ತಿದ್ದ. ಸಣ್ಣ ಸ್ಕ್ರೂಡ್ರೈವರ್ ತೂರಿಸಿ ಮೋಟರಿನ ವೇಗ ಕೂದಲೆಳೆಯಷ್ಟು ಏರಿಸುತ್ತಾ ಹೋದರು. ಹಾರ್ಮೋನಿಯಂ ಕರಿ ಎರಡಕ್ಕೆ ಬಂದು ಕೂತ ಕೂಡಲೇ ನನ್ನ ಅಣ್ಣ ಆ ಸ್ಪೀಕರಿನಲ್ಲಿ ಇದ್ದ. 2003ರ ಅಣ್ಣ. ಈ ಒಂದು ಕ್ಷಣಕ್ಕೆ ನಾನು ಅಂಗಡಿಗೆ ಎಷ್ಟು ದುಡ್ಡು ಬೇಕಾದರೂ ಕೊಡುತ್ತಿದ್ದೆ. ಹೆಡ್ಡಿನ ಪಕ್ಕದ ಇನ್ನೊಂದು ಸ್ಕ್ರೂ ತಿರುಗಿಸಿ ದನಿಯ ಅಂಚು ಚುರುಕು ಮಾಡಿದ್ದು ಅದರ ಮೇಲೆ. ಸಾಫ್ಟ್‌ವೇರ್ ಖಾಲಿ ಅಂದ ಜಾಗದಲ್ಲಿ ಈ ಮನುಷ್ಯ ಕಿವಿಯಿಟ್ಟು ಕೂರುತ್ತಾರೆ.

90 ನಿಮಿಷದ ಕ್ಯಾಸೆಟ್ ಕಂಪ್ಯೂಟರಿಗೆ ಹೋಗಲು 90 ನಿಮಿಷವೇ ಬೇಕು. ಆ ಹೊತ್ತಿನಲ್ಲಿ ಚಹಾ ಬಂತು, ಮತ್ತೆ ಮಾತು ಶುರುವಾಯಿತು. ಹುಡುಗ ಹೇಳಿದ, ತಾನು ಒಂದೇ ಉಸಿರಿಗೆ ಹಾಡುವುದಿಲ್ಲ, ಸಾಲು ಸಾಲಾಗಿ ಪಂಚ್ ಇನ್ ಮಾಡುತ್ತೇನೆ ಅಂತ. ಕಾಕಾ ಕಪ್ಪು ಕೆಳಗಿಟ್ಟರು. "ಪಂಚ? ಅದು ನಮ್ಮ ಮಾತಲೇ. ಪದಾ ಹಾಡಾವ ಒಂದ ಸಾಲ ತಪ್ಪಿದರ, ಟೇಪ್ ಓಡೂವಾಗನ ಅಲ್ಲಿಗೆ ರೆಕಾರ್ಡ್ ಒತ್ತತಿದ್ದಿವಿ. ಸಾಲ ಮುಗಿಯೂದರಾಗ ಬಿಡಬೇಕ. ಒಂದ ಉಸರ ತಡಾ ಆತಂದರ ಮುಂದಿನ ಸಾಲೂ ಅಳಿಸಿ ಹೊಕ್ಕಿತ್ತ." ತಪ್ಪಿ ಅಳಿಸಿದ್ದನ್ನು ವಾಪಸ್ ತರುವ ಬಟನ್ ಇರಲಿಲ್ಲ. ಹುಡುಗ ಅಮೆರಿಕದ ರ‍್ಯಾಪರುಗಳಿಂದ ಕಲಿತ ಮಾತು, ಕಾಕಾ ನಾಟಕದ ಕ್ಯಾಸೆಟ್ ಮಾಡುವಾಗ ಕೈಯಲ್ಲಿ ಮಾಡಿದ ಕೆಲಸ. ಇಬ್ಬರೂ ಅರ್ಧ ಗಂಟೆ ಪಂಚಿನ ಬಗ್ಗೆಯೇ ಮಾತಾಡಿದರು. ನನಗೆ ನಡುವೆ ಬಾಯಿ ಹಾಕಲು ಮನಸ್ಸಾಗಲಿಲ್ಲ.

ಮಿಕ್ಸ್‌ಟೇಪಿಗೆ ಮುಂಚೆ ಅವನು ಒಂದು ಇಪಿ ಬಿಟ್ಟಿದ್ದ, ನಾಲ್ಕು ಹಾಡಿನದು. ಇಪಿ ಅಂದರೆ ಏನು ಅಂತ ಕಾಕಾ ಕೇಳಿದರು. "ಸಣ್ಣ ಆಲ್ಬಮ್" ಅಂದ. ಕಾಕಾ ಮೇಲಿನ ಹಲಗೆಯಿಂದ ಒಂದು ರಟ್ಟಿನ ಡಬ್ಬಿ ಇಳಿಸಿದರು. ಒಳಗೆ ಏಳು ಇಂಚಿನ ತಟ್ಟೆಗಳು, ಎಲ್ಲಾ ಹಳೆ ಕನ್ನಡ ಸಿನಿಮಾ ಹಾಡು. ನಿಮಿಷಕ್ಕೆ 45 ಸುತ್ತು, ಒಂದು ಬದಿಗೆ ಎರಡೆರಡು ಹಾಡು. "ಇದ ಇಪಿ. ನಾಕ ಹಾಡ." ಇವನದೂ ನಾಲ್ಕೇ. ಹೆಚ್ಚು ಹೊತ್ತು ಓಡುವ ದೊಡ್ಡ ತಟ್ಟೆ, 12 ಇಂಚಿನ ಎಲ್‌ಪಿ, 1948ರಲ್ಲಿ ಬಂತು, ನಿಮಿಷಕ್ಕೆ 33 ಮತ್ತು ಮೂರನೇ ಒಂದು ಸುತ್ತು. ಅದಕ್ಕಿಂತ ಮುಂಚಿನವು 78 ಸುತ್ತಿನವು, ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ ಅಷ್ಟೇ ಹಿಡಿಯುತ್ತಿದ್ದವು. ಆ ತಟ್ಟೆಗಳನ್ನು ಇಡಲು ಬಟ್ಟೆ ಹೊದಿಕೆಯ ಪುಸ್ತಕ, ಪುಟದ ಬದಲು ಕಾಗದದ ಚೀಲ. ಮದುವೆ ಫೋಟೋ ಇಡುವ ಆಲ್ಬಮ್ ಹೇಗೋ ಹಾಗೆ. ಅದಕ್ಕೇ ಆಲ್ಬಮ್. ಕಾಕಾನ ಹತ್ತಿರ ಅಂಥದ್ದೊಂದು ಇದೆ, ಆರು ಚೀಲ, ಎರಡರಲ್ಲಿ ಮಾತ್ರ ತಟ್ಟೆ ಉಳಿದಿವೆ. ಹುಡುಗ ಅದರ ಪುಟ ತಿರುವಿದ ರೀತಿ ನೋಡಬೇಕಿತ್ತು. ತನ್ನ ಹಾಡೆಲ್ಲ ಯಾಕೆ ಮೂರೂವರೆ ನಿಮಿಷದ ಸುತ್ತಮುತ್ತ ಇರುತ್ತವೆ ಅಂತ ಅವನು ಯಾವತ್ತೂ ಕೇಳಿಕೊಂಡಿರಲಿಲ್ಲವಂತೆ.

ಇಪಿ ತಿರುಗುತ್ತಿರುವಾಗ ಅವನ ಬೆರಳು ತಡೆಯಲಿಲ್ಲ, ತಟ್ಟೆಯ ಮೇಲೆ ಇಡಲು ಹೋದ. ಕಾಕಾ ಮಣಿಕಟ್ಟು ಹಿಡಿದರು. ಸಿಟ್ಟಿನಿಂದಲ್ಲ, ಆದರೆ ಗಟ್ಟಿಯಾಗಿ. ಅಲ್ಲಿ ನಾನು ಕಾಕಾನ ಪರ. 70ರ ದಶಕದ ನಡುವಿನಲ್ಲಿ ಗ್ರ್ಯಾಂಡ್ ವಿಝರ್ಡ್ ಥಿಯೋಡೋರ್ ಅನ್ನುವ ಬ್ರಾಂಕ್ಸಿನ ಹುಡುಗ ತಿರುಗುವ ತಟ್ಟೆಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಮಾಡಿದ, ಅದರಿಂದ ಸ್ಕ್ರ್ಯಾಚ್ ಹುಟ್ಟಿತು. ಒಪ್ಪುತ್ತೇನೆ, ದೊಡ್ಡ ಕೆಲಸ. ಆದರೆ ಅದಕ್ಕೆ ತಟ್ಟೆಯ ಕೆಳಗೆ ಜಾರುವ ಬಟ್ಟೆ ಬೇಕು, ಕೈ ಹಿಡಿದರೂ ಕೆಳಗೆ ತಿರುಗುತ್ತಲೇ ಇರುವ ಗಟ್ಟಿ ಮೋಟರ್ ಬೇಕು. ಟೆಕ್ನಿಕ್ಸ್ ಎಸ್‌ಎಲ್-1200 ಅಂಥದ್ದು, ಅದಕ್ಕೇ ಡಿಜೆಗಳು ಅದನ್ನು ಬಿಡಲಿಲ್ಲ. ಕಾಕಾನ ಪ್ಲೇಯರಿನ ರಬ್ಬರ್ ಹಾಸಿನ ಮೇಲೆ, ಮತ್ತೆ ಸಿಗದ ಕನ್ನಡ ಇಪಿಯ ಮೇಲೆ, ಅದು ಬೇಡ.

ಇನ್ನು ಅಂಗಡಿಯ ಕುಂದುಕೊರತೆ. ಹೇಳಲೇಬೇಕು. ಕಾಕಾ ಬಹಳ ನಿಧಾನ. ಮುಂಗಡವಾಗಿ ದಿನ ಹೇಳಿದರೂ ಎರಡು ದಿನ ಜಾಸ್ತಿ ಹಿಡಿಯುತ್ತದೆ. ಮಧ್ಯಾಹ್ನ ಒಂದೂವರೆಯಿಂದ ನಾಲ್ಕರವರೆಗೆ ಬಾಗಿಲು ಹಾಕಿರುತ್ತದೆ. ಬಿಲ್ ಕೊಡುವುದಿಲ್ಲ, ಚೀಟಿ ಬರೆದು ಕೊಡುತ್ತಾರೆ. ಹೇಳದೆ ಇದ್ದರೆ ಎಂಪಿ3 ಮಾಡಿಬಿಡುತ್ತಾರೆ, ಅದರಲ್ಲಿ ದನಿ ಸ್ವಲ್ಪ ಕಳೆದುಹೋಗುತ್ತದೆ. "ವೇವ್ ಫೈಲ್ ಬೇಕು" ಅಂತ ಮೊದಲೇ ಹೇಳಿ. ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತದೆ, ದೊಡ್ಡ ಪೆನ್‌ಡ್ರೈವ್ ಒಯ್ಯಿರಿ. ಮಳೆಗಾಲದಲ್ಲಿ ಸಂದಿಯಲ್ಲಿ ನೀರು ನಿಲ್ಲುತ್ತದೆ, ಕ್ಯಾಸೆಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಹೋಗುವುದು ಒಳ್ಳೆಯದು. ನನ್ನಿಂದ ಒಂದು ಕ್ಯಾಸೆಟ್ಟಿಗೆ 250 ರೂಪಾಯಿ ತೆಗೆದುಕೊಂಡರು, ಬೂಷ್ಟು ತೆಗೆದು ಡಬ್ಬಿ ಬದಲಿಸಿದ್ದಕ್ಕೆ ಮೇಲೆ 150. ಜಜ್ಜಿಹೋದ ಮೊದಲನೇ ಕ್ಯಾಸೆಟ್ಟನ್ನೂ ಆಮೇಲೆ ಒಯ್ದು ಕೊಟ್ಟೆ. ಜಜ್ಜಿದ ಕಡೆ ಒಂದು ಹಾಡಿನ ಮೂರು ಸೆಕೆಂಡು ಹೋಗಿದೆ. ಉಳಿದದ್ದೆಲ್ಲ ಬಂತು, ಅಣ್ಣನ ಮಾತೂ ಬಂತು. ಒಂದು ಕಡೆ ನನ್ನ ಹೆಸರು ಹಿಡಿದು, "ಈ ಹಾಡ ಕೇಳಿ ಆದಮ್ಯಾಲೆ ಲೆಕ್ಕಾ ಮಾಡ, ಪರೀಕ್ಷಾ ಬಂತು" ಅಂದಿದ್ದಾನೆ.

ದುಡ್ಡು ಕೊಟ್ಟು ಹೊರಡುವಾಗ ಹುಡುಗ ಹೊರಡಲಿಲ್ಲ. "ಕಾಕಾ, ಖಾಲಿ ಕ್ಯಾಸೆಟ್ ಅದಾವೇನ್ರಿ?" ಅಂದ. ಹನ್ನೊಂದು ಇದ್ದವು, ಪ್ಲಾಸ್ಟಿಕ್ ಸುತ್ತು ಬಿಚ್ಚದವು. ಸಿ-60 ಒಂದು ತೆಗೆದರು. ಇವನ ಮಿಕ್ಸ್‌ಟೇಪು 22 ನಿಮಿಷ, ಒಂದು ಬದಿಗೆ 30. ಲೆವೆಲ್ ಮೀಟರಿನ ಮುಳ್ಳು ಕೆಂಪಿಗೆ ಹೋಗದ ಹಾಗೆ ಅವನೇ ಗುಂಡಿ ಹಿಡಿದು ಕೂತ. ಆರು ಹಾಡು ಮುಗಿಯುವ ತನಕ ಕಣ್ಣು ಆ ಕಡೆ ಈ ಕಡೆ ಹೋಗಲಿಲ್ಲ.

"ಸೈಡ್ ಬಿಗೆ ಏನ ತುಂಬಲಿ?" ಕಾಕಾ ಕೇಳಿದರು.

ಅವನು ಪೆನ್‌ಡ್ರೈವ್ ಮುಂದೆ ಚಾಚಿದ. ಹಾರ್ಮೋನಿಯಂ, ತಬಲಾ, ಟಕ್. ರೂಮಿನ ಬಾಡಿಗಿ ಆರುನೂರು.

ಮುಗಿದ ಮೇಲೆ ಕಾಕಾ ಕ್ಯಾಸೆಟ್ ಹೊರಗೆ ತೆಗೆದು, ಮೇಲಂಚಿನ ಎರಡು ಪುಟ್ಟ ಚಕ್ಕೆಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಮುರಿದರು. ಯಾಕೆ ಅಂತ ಹುಡುಗ ಕೇಳಿದ.

"ಇನ್ನ ಇದರ ಮ್ಯಾಲೆ ಯಾರೂ ಏನೂ ತುಂಬಾಕ ಬರೂದಿಲ್ಲ, ತಮ್ಮಾ" ಅಂದರು.